ತಿರುಗಬೇಡಿ, ಅತ್ತಿಗೆ

ಕಡಲ ದಂಡೆಯ ಹಳ್ಳಿ ಹನುವಾಬಾದದ ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕೂತು ನಾನು ಬಾಳೆಕಾಯಿಯ ಸಿಪ್ಪೆ ತೆಗೆಯುತ್ತಿದ್ದೆ. ಪಕ್ಕದ ಚಾಪೆಯಲ್ಲಿ ನಮ್ಮೂರ ವಿಕೆಟ್ ಕೀಪರ್ ಗವೇರನ ತಾಯಿ ಬೋಯೊ ಆಟಕ್ಕೆ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ಕೂತಿದ್ದರು. ಅವರ ನಾದಿನಿ ಕೋರಿ ನಿಂತು ನೋಡುತ್ತಿದ್ದಳು. ಇವತ್ತೂ ರನ್ ಹೊಡೆಯದಿದ್ದರೆ ಬೇರೆ ಕೀಪರ್ ಬರುತ್ತಾನೆ ಎಂದು ಕ್ಯಾಪ್ಟನ್ ಗವೇರನಿಗೆ ಹೇಳಿಯಾಗಿತ್ತು.

“ಗೆಲ್ಲೋಕೆ ಇನ್ನೆಷ್ಟು ಬೇಕೇ?”

“ನಾಲ್ಕು. ತಿರುಗಬೇಡಿ ಅತ್ತಿಗೆ! ನೀವು ಆ ಕಡೆ ತಿರುಗಿದ ಮೇಲೇ ಅವನ ಬ್ಯಾಟಿಗೆ ಚೆಂಡು ಸಿಕ್ಕಿದ್ದು.”

“ಹೆತ್ತವಳ ಕಣ್ಣೂ ತಾಗುತ್ತೇನೇ?”

“ತಾಗುತ್ತೋ ಇಲ್ವೋ, ನಲವತ್ತಾರು ಹೊಡೆದಿದ್ದಾನೆ. ಸುಮ್ನೆ ಸಮುದ್ರ ನೋಡಿ.”

“ಒಂದು ಗಂಟೆಯಿಂದ ಅದನ್ನೇ ನೋಡ್ತಿದ್ದೀನಿ. ಅದೇನು ರನ್ ಮಾಡುತ್ತಾ?”

“ಹೊಡೆದ! ಚೆಂಡು ರಸ್ತೆ ದಾಟಿತು! ಗೆದ್ವಿ ಅತ್ತಿಗೆ!”

ಬೋಯೊ ಉಸಿರು ಬಿಟ್ಟು, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡರು.

“ನನ್ನ ಮಗನಿಗೆ ಬ್ಯಾಟ್ ಹಿಡಿಯೋಕೆ ಬರಲ್ಲ ಅಂತ ಇನ್ನು ಯಾವನಾದ್ರೂ ಅನ್ನಲಿ, ನೋಡ್ಕೋತೀನಿ.”

ಕೋರಿ ಆಗಲೇ ಜನರ ಜೊತೆ ಗವೇರನ ಕಡೆ ಓಡುತ್ತಿದ್ದಳು. ಬೋಯೊ ಚಾಪೆ ಅಲ್ಲೇ ಬಿಟ್ಟು ಅವಳ ಹಿಂದೆ ಹೊರಟರು.

“ನಿಲ್ಲೇ ಕೋರಿ, ಹೇಗೆ ಹೊಡೆದ ಅಂತ ಮೊದಲಿಂದ ಹೇಳೇ. ನಾನು ಒಂದೂ ನೋಡಿಲ್ಲ.”