ರಾಕ್ಷಸನ ಒಳಗಿದ್ದವರು

ಗೋಡೆಯ ಮೇಲೆ ಒಂದು ಫೋಟೋ. ಗಾಜಿನ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಚಿತ್ರದ ನಡುವೆ ರಾಕ್ಷಸ ನಿಂತಿದ್ದಾನೆ. ಹಿಂದಿನ ಬಾಗಿಲನ್ನು ಮೀರಿ, ಮಾಳಿಗೆಯ ಅಂಚಿನವರೆಗೆ. ಎಮ್ಮೆಯ ಕೋಡು, ಕರಿಯ ಉಣ್ಣೆಯ ಜಟೆ, ಅರ್ಧ ತೆರೆದ ದವಡೆ, ಮೋಟಾರಿನ ದೀಪದ ಗಾಜಿನಿಂದ ಮಾಡಿದ ಕಣ್ಣು. ಆ ಕಣ್ಣಿನೊಳಗೆ ಬೆಳಗಿನ ಬೀದಿ ಪುಟ್ಟದಾಗಿ ಸಿಕ್ಕಿಕೊಂಡಿದೆ. ಎಡಕ್ಕೆ ಕುಂಚ ಹಿಡಿದ ಹುಡುಗಾಟದ ಕಣ್ಣಿನ ಯುವಕ. ನೆಲಕ್ಕೆ ಇಳಿಬಿದ್ದ ಬಾಲದ ಕೆಳಗಿಂದ ಯಾರದೋ ಎರಡು ಬರಿಗಾಲು. ಬಲಕ್ಕೆ ಇಳಕಲ್ ಸೀರೆಯ ಹೆಂಗಸು. ಅವಳು ಕ್ಯಾಮೆರಾದ ಕಡೆ ನೋಡುತ್ತಿಲ್ಲ. ಊರಿಗೆ ಹೊರಟ ಗಂಡನ ಅಂಗಿಯ ಗುಂಡಿ ಸರಿಪಡಿಸುವವಳಂತೆ ರಾಕ್ಷಸನ ಎದೆಯ ಮೇಲೆ ಅಂಗೈ ಇಟ್ಟಿದ್ದಾಳೆ. ಮನೆಯವರೆಲ್ಲ ಚಿತ್ರದಲ್ಲಿದ್ದಾರೆ. ಕಾಣದಿರುವವನು ಒಬ್ಬನೇ, ಅವನು ಎಲ್ಲರ ನಡುವೆ ನಿಂತಿದ್ದಾನೆ.

ಗುರುಸಂಗಪ್ಪ ಆ ಫೋಟೋದ ಮುಂದಿನಿಂದ ಕದಲಲಿಲ್ಲ. ರೋಣದ ಅರಳೆ ವ್ಯಾಪಾರದ ಮನೆತನದವನು. ತಕ್ಕಡಿ ಬಿಟ್ಟು ಟೆಂಟ್ ಸಿನಿಮಾ ಹಿಡಿದವನು. ಈ ರಾಕ್ಷಸನನ್ನು ತೆರೆಯ ಮೇಲೆ ಕಂಡ ದಿನವೇ ಅವನ ಎದೆಯಲ್ಲಿ ಒಂದು ಟೆಂಟು ಎದ್ದು ನಿಂತಿತ್ತು. ಈಗ ನಿಜವಾದ ಟೆಂಟು ರೋಣದಲ್ಲಿ ಸಿದ್ಧವಾಗಿತ್ತು. ಅದರ ಬಾಗಿಲಲ್ಲಿ ದಿನವೂ ಸಂಜೆ ಇದೇ ರಾಕ್ಷಸ ನಡೆದಾಡಬೇಕು, ನರಗುಂದದಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬರಬೇಕು ಎಂಬ ಆಸೆ ಅವನನ್ನು ಗಜೇಂದ್ರಗಡಕ್ಕೆ ಎಳೆದು ತಂದಿತ್ತು. ಹಳೆಯದನ್ನು ಕೊಡುವುದಿಲ್ಲ, ಹೊಸದೊಂದು ಮಾಡಿಕೊಡುತ್ತೇವೆ ಎಂದಿದ್ದ ಕಳಕಪ್ಪ ಚಿತ್ರಗಾರ. ಫೋಟೋದಲ್ಲಿ ಕುಂಚ ಹಿಡಿದ ಆ ಯುವಕನೇ ಈಗ ಮನೆಯ ಯಜಮಾನ.

೧೯೫೭ರ ಶ್ರಾವಣ. ರೋಣದ ದಾರಿಯಲ್ಲಿ ಹಳ್ಳ ತುಂಬಿ ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿತ್ತು. ನೇಕಾರರ ಓಣಿಯಲ್ಲಿ ಮಗ್ಗದ ಕುಣಿಗಳಿಗೆ ನೀರು ಜಿನುಗಿ ಲಾಳಿಗಳು ಸುಮ್ಮನಾಗಿದ್ದವು. ಕೈಗೆ ಕೆಲಸವಿಲ್ಲದ ನೇಕಾರರು ಆ ಸಂಜೆ ಕಳಕಪ್ಪನ ಕಾರ್ಖಾನೆಯಲ್ಲಿ, ಒಣಗಲು ತೂಗುಹಾಕಿದ ಕೋರೆಹಲ್ಲು, ಕಿವಿ, ಖಾಲಿ ಮುಖಗಳ ಕೆಳಗೆ ಒತ್ತಿಕೊಂಡು ಕುಳಿತಿದ್ದರು. ಒಲೆಯ ಮೇಲೆ ಹುಣಸೆ ಬೀಜದ ಅಂಟು ಕುದಿಯುತ್ತಿತ್ತು. ಅದನ್ನು ತಿರುವುತ್ತಿದ್ದ ಮುದುಕಿ ದೇವವ್ವ, ಕಳಕಪ್ಪನ ತಾಯಿ, ಸೌಟನ್ನು ಗಡಿಗೆಯ ಅಂಚಿಗೆ ಬಡಿದು ಅತಿಥಿಯ ಕಡೆ ತಿರುಗಿದಳು.

"ಸಾವ್ಕಾರ್ರ, ಫೋಟೋ ನೋಡಿದ್ದ ಸಾಕು, ಬರ್ರಿ ಕುಂಡರ್ರಿ. ನೀವು ರಾಕ್ಷಸನ್ನ ಒಯ್ಯಾಕ ಬಂದೀರಿ, ಖರೇ. ಆದ್ರ ಒಳಗ ಯಾರ ಅದಾರ ಅಂತ ಒಂದ ಮಾತರ ಕೇಳಿದ್ರೇನ?"

"ಯವ್ವಾ, ಬಿಡ ಆ ಮಾತ" ಎಂದ ಕಳಕಪ್ಪ, ತಲೆ ಎತ್ತದೆ.

"ನೀ ಸುಮ್ಮನ ಬಣ್ಣಾ ಅರಿ. ಇವತ್ತ ನಾ ಹೇಳಾಕ ಬೇಕು."

ಗುರುಸಂಗಪ್ಪ ಕುಳಿತ. ಮಾಳಿಗೆಯ ಮೇಲೆ ಮಳೆ ಯಾರೋ ಜೋಳ ಸುರಿದಂತೆ ಸುರಿಯುತ್ತಿತ್ತು.

"ನಮ್ಮ ಮನ್ಯಾಗ ಒಂದ ಪದ್ಧತಿ ಐತ್ರಿ. ಹೇಂತಿ ಆದಾಕಿ ಗಂಡನ ಹೆಸರ ಹೇಳೂ ಹಂಗಿಲ್ಲ, ಅದು ಎಲ್ಲಾರ ಮನ್ಯಾಗೂ ಐತಿ. ಆದ್ರ ದೊಡ್ಡಾಟದಾಗ ರಾಕ್ಷಸನ ತೆಲಿ ಹಾಕ್ಕೊಂಡಾಂವ ತನ್ನ ಕೈಲೆ ತಾನ ಅದನ್ನ ತೆಗಿಯೂದಿಲ್ಲ. ಆಟ ಮುಗದ ಮ್ಯಾಲ ಹೇಂತಿ ಎದುರಿಗೆ ನಿಂತು, ಒಡಪದ ಪದಾ ಕಟ್ಟಿ, ಅದರಾಗ ಹೆಸರ ಹಿಡದ ಕರೀಬೇಕು. ಆಗ ಒಳಗಿನ ಮನಷ್ಯಾ ಹೊರಗ ಬರಾಂವ. ಯಾಕಂತೀರಿ?... ಆ ತೆಲಿಯೊಳಗ ಹೊಕ್ಕಾಂವಗ ತಾ ಯಾರು ಅನ್ನೂದ ಮರತ ಹೋಗತೈತ್ರಿ. ನೆನಪ ಮಾಡಿಕೊಡಾಕ ಒಬ್ರು ಬೇಕಲ್ಲ? ಅದು ಅಣ್ಣಾಗ ತಮ್ಮಾಗ ಒಲಿಯೂದಲ್ಲ, ಹೇಂತೀನ ಕರೀಬೇಕು."

"ನಿನ್ನ ಪುಣ್ಯೇನಬೇ!" ಎಂದಳು ನೇಕಾರರ ಮುದುಕವ್ವ. "ಮಂದಿ ಮುಂದ ಗಂಡನ ಹೆಸರ ಕೂಗಾಕ ಸಿಗತಿತ್ತು ನಿನಗ. ನಮಗ ಅದೂ ಇಲ್ಲ."

"ನೀ ಕೂಗಿದ್ರ ನಿನ್ನ ಗಂಡ ಬರತಾನೇನ? ಅಂವಾ ಬಸ್‌ಸ್ಟ್ಯಾಂಡಿನ ಚಾದಂಗಡ್ಯಾಗ ಬೇರ ಬಿಟ್ಟ ಕುಂತಿರತಾನ."

ನಗೆ ಎದ್ದಿತು. ಅದು ಆರುವ ಮೊದಲೇ ದೇವವ್ವ ಕತೆ ಮುಂದುವರಿಸಿದಳು. ಈಗ ಧ್ವನಿಯಲ್ಲಿ ಹರೆಯ ಬಂದಿತ್ತು.

"ಕೊಲ್ಲಾಪುರದ ಸಿನಿಮಾ ಕಂಪನಿ ಸಾಹೇಬ ಬಂದ್ರು ನೋಡ್ರಿ, ಆ ವರ್ಷ... ಎಂಥಾ ವರ್ಷಪಾ ಅದು! ಎರಡಾಳ ಎತ್ತರದ ರಾಕ್ಷಸ ಬೇಕಂತ. ಕಣ್ಣ ಪಿಳುಕಿಸಬೇಕು, ದವಡಿ ಬಿಚ್ಚಬೇಕು, ಮೂಗಿನಾಗ ಹೊಗಿ ಬಿಡಬೇಕು, ನಡೀಬೇಕು. ನಮ್ಮನಿಯವರು ಏನಂದ್ರ ಗೊತ್ತೈತೇನ್ರಿ? 'ಇಷ್ಟನ?' ಅಂದ್ರು! ಆ ರಾತ್ರಿ ಯಾರರ ಮಲಗಿದ್ರ ಕೇಳ್ರಿ. ಬಿದರ ಸೀಳಿ ಎಲುವು ಕಟ್ಟಿದ್ವಿ. ಗೋಣೀತಟ್ಟ ಅಂಟಿನಾಗ ಎದ್ದಿ ತೊಗಲ ಮಾಡಿದ್ವಿ, ಮ್ಯಾಲ ರೋಣದ ಅರಳಿ ಹಚ್ಚಿ ಗಂಟ ಗಂಟ ಎಬ್ಬಿಸಿದ್ವಿ. ಸಾಯಕಲ್ಲಿನ ಟ್ಯೂಬ ಕತ್ತರಿಸಿ ಕಣ್ಣಿನ ರೆಪ್ಪಿ! ಇವರು ಮರಗಾಲ ಕಟಗೊಂಡು ಒಳಗ ನಿಂತು, ಒಂದ ಕೈಲೆ ದವಡಿ ಹಗ್ಗ, ಒಂದ ಕೈಲೆ ರೆಪ್ಪಿ ಹಗ್ಗ. ಬಾಲದ ಕೆಳಗ ನನ್ನ ತಮ್ಮ ನೀಲಪ್ಪ, ಕಮ್ಮಾರರ ತಿದಿ ಒತ್ತಿ ಲೋಬಾನದ ಹೊಗಿ ಬಿಡಾಂವ. ಮೊದಲನೇ ಸಲ ಉಸುರು ಬಿಟ್ಟಾಗ ಈ ಕಳಕ್ಯಾ, ತಾನ ಬಣ್ಣಾ ಹಚ್ಚಿದಾಂವ, ಹೆದರಿ ಹಿತ್ತಲಕ್ಕ ಓಡಿ ಹ್ವಾದ!"

ಕಳಕಪ್ಪನ ತುಟಿಯಂಚಿನಲ್ಲಿ ನಗು ಸುಳಿಯಿತು. ಗುರುಸಂಗಪ್ಪನಿಗೆ ತಡೆಯಲಾಗಲಿಲ್ಲ. "ಆ ದವಡಿ, ಆಯಿ! ರಾಜನ್ನ ನುಂಗಾಕ ಬಂದಾಗ ಪೂರಾ ಬಿಚ್ಚತೈತಲ್ಲ, ಟೆಂಟಿನ ಮಂದೆಲ್ಲಾ ಎದ್ದ ನಿಲ್ಲತಾರ್ರಿ!"

"ನಿಲ್ಲತಾರೇನ?" ಅವಳ ಮುಖ ಅರಳಿತು. ಒಂದು ಗಳಿಗೆ ಅವಳು ಕತೆಯನ್ನೇ ಮರೆತಂತಿದ್ದಳು. ಆಮೇಲೆ ಒಲೆಯ ಕೆಂಡವನ್ನು ಮುಂದೆ ಎಳೆದಳು.

"ಶೂಟಿಂಗ ಕ್ವಾಟಿ ಗುಡ್ಡದ ಮ್ಯಾಲ. ಊರಿಗೆ ಊರ ಏರಿತ್ತು. ಬಿಸಲಂದ್ರ ಬಿಸಲು... ಕಲ್ಲ ಮ್ಯಾಲ ರೊಟ್ಟಿ ಬಡಿಬೌದಿತ್ತು. ಮುಂಜಾನಿ ಆಟಾ ಮುಗೀತು. ನಾ ಕರಿಯಾಕಂತ ಎದ್ದೆ. ಸಾಹೇಬ ಕೈ ಅಡ್ಡ ಮಾಡಿ, 'ದೇವವ್ವಬಾಯಿ, ಗಪ್ ಕೂಡ್ರಿ, ಈ ಬೆಳಕ ಮತ್ತ ಸಿಗೂದಿಲ್ಲ, ಇನ್ನೊಂದ ಶಾಟ ಐತಿ' ಅಂದ್ರು. ಅದು ಮುಗೀತು... ಮತ್ತ ಎದ್ದೆ. 'ಇನ್ನೊಂದು.' ಹೆಸರು ನನ್ನ ನಾಲಿಗಿ ಮ್ಯಾಲ ಕುಂತ ಕುಂತ ಒಣಗಿ ಹೋತ್ರಿ. ನಡು ಮಧ್ಯಾಹ್ನ ರಾಕ್ಷಸ ಒಮ್ಮೆ ಹೊಯ್ದಾಡಿದ. ಮಂದಿ ಹೋ ಅಂತ ಚಪ್ಪಾಳಿ ಹೊಡದ್ರು. ನಿಂತ. ತಿರುಗಿ ನಡದ. ಆಮ್ಯಾಲೆ ನೋಡ್ರಿ ನಡಿಗಿ! ಅಲ್ಲೀಮಟಾ ಮರಗಾಲಿನ ನಡಿಗಿ ಇತ್ತು, ಅಲ್ಲಿಂದ ಮುಂದ... ಕಾಲಿನ ನಡಿಗಿ. ಸಾಹೇಬ ಹುಚ್ಚರಗತೆ ಕುಣದಾಡಿದ್ರು. ನೀವು ಸಿನಿಮಾದಾಗ ನೋಡಿದ್ದ ಅದ. ನೀಲ್ಯಾ, ಹೇಳೊ, ನಿನಗ ಏನ ಗೊತ್ತಾತ ಹೇಳು."

ಮೂಲೆಯಲ್ಲಿದ್ದ ನೀಲಪ್ಪ ಬೀಡಿಯನ್ನು ಹಿಸುಕಿ ಆರಿಸಿದ. "ಮಾಂವನ ಸೊಂಟಕ್ಕ ಒಂದ ಹಗ್ಗ ಕಟ್ಟಿತ್ರಿ, ತುದಿ ನನ್ನ ಕೈಯಾಗ. ನಾ ಜಗ್ಗಿದ್ರ ಅವರೂ ತಿರುಗಿ ಜಗ್ಗೂದು, ಹುಷಾರ ಅದೀನಿ ಅಂತ. ಮಧ್ಯಾಹ್ನದಾಗ ಜಗ್ಗಿದೆ, ಜಗ್ಗಲಿಲ್ಲ. ಸಿಟ್ಟಾಗ್ಯಾರ ಅನಕೊಂಡೆ. ಹೊಗಿ ಹೆಚ್ಚಾತೇನ ಅಂತ ತಿದಿ ಒತ್ತೂದ ಬಿಟ್ಟೆ." ಅವನು ಬೀಡಿಯ ತುಂಡನ್ನು ಕಿವಿಯ ಹಿಂದೆ ಸಿಕ್ಕಿಸಿದ. "ನಾ ಬಿಟ್ಟ ಮ್ಯಾಲೂ ಹೊಗಿ ಬರಾಕ ಹತ್ತಿತ್ರಿ."

ದೇವವ್ವ ಮುಂದೆ ಬಾಗಿದಳು.

"ಕಡೀ ಶಾಟ. ರಾಜ ಬಾಣ ಬಿಡಬೇಕು, ರಾಕ್ಷಸ ಬೀಳಬೇಕು. ಬಾಣ ಬಿಟ್ರು. ಬೀಳಲಿಲ್ಲ! 'ಬೀಳೊ, ಬೀಳೊ' ಅಂತ ಸಾಹೇಬ ಒದರತಾರ, ಇವರು ತಿರುಗಿ ಗುಡ್ಡಾ ಇಳಿಯಾಕ ಹತ್ತಿದ್ರು. ಮರಗಾಲ ಕಟಗೊಂಡಾಂವ ಆ ಮೆಟ್ಟಲಾ ಇಳೀತಾನೇನ್ರಿ? ಇಳದ್ರು. ಹಿಂದ ಸಾವಿರ ಮಂದಿ, ಹಲಗಿ ಬ್ಯಾರೆ. ಬಸ್‌ಸ್ಟ್ಯಾಂಡಿನಾಗ ಬಸ್ಸಿನ ಮ್ಯಾಲಿನ ಮಂದಿ ಎದ್ದ ನಿಂತು ಸೀಟಿ ಹೊಡದ್ರು. ಓಣಿಗೆ ಬಂದು, ಈ ಬಾಗಲದಾಗ ಬಗ್ಗಿ, ಒಳಗ ಬಂದು ನಿಂತ್ರು. ಕೆಲಸಾ ಮುಗಿಸಿ ಮನಿಗೆ ಬಂದ ಗಂಡಸು ಹ್ಯಾಂಗ ನಿಲ್ಲತಾನ... ಹಂಗ. ಕಳಕ್ಯಾ ಬೆನ್ನಿನ ಹೊಲಿಗಿ ಬಿಚ್ಚಿದ. ಮೈ ಕಲ್ಲಾಗಿತ್ತು. ದವಾಖಾನಿ ಡಾಕ್ಟರ್ರು ಮುಟ್ಟಿ ನೋಡಿ, ಹೋಗಿದ್ದ ಮಧ್ಯಾಹ್ನದಾಗ ಅಂದ್ರು. ಮಧ್ಯಾಹ್ನದಾಗ!... ಹಂಗಾರ ಆಮ್ಯಾಲೆ ನಡದವ್ರ ಯಾರು?"

ಪ್ರಶ್ನೆಯನ್ನು ಅವಳು ಗಾಳಿಯಲ್ಲೇ ಬಿಟ್ಟಳು. ಗುರುಸಂಗಪ್ಪನ ಕಣ್ಣ ಮುಂದೆ ತೆರೆಯ ಮೇಲಿನ ಆ ನಡಿಗೆ ಮತ್ತೆ ಹಾದುಹೋಯಿತು. ಎಷ್ಟೋ ಸಲ ನೋಡಿದ್ದ. ನೋಡಿದಾಗಲೆಲ್ಲ ಬದುಕಿರುವುದೆಂದರೆ ಹೀಗೆ ಎಂದುಕೊಂಡಿದ್ದ.

"ಮಣ್ಣ ಮಾಡೂ ಮೊದಲ ಹೆಸರ ಕರಿ ಅಂದ್ರು ಮಂದಿ. ನಾ ಕರೀಲಿಲ್ಲ. ಕರದ್ರ ಹೊಂಟ ಹೊಕ್ಕಾರಲ್ಲ? ಅದೊಂದ ಹೆಸರ ನನ್ನ ಹತ್ತರ ಉಳದಿತ್ತು, ಅದನ್ನೂ ಯಾಕ ಕೊಡ್ಲಿ? ಮೈ ಒಯ್ದ್ರು, ಒಯ್ಲಿ... ಅವರು ಬರತಾರ. ದಿನಾ ಸಂಜಿಮುಂದ. ಅಂಟಿನ ಗಡಿಗ್ಯಾಗ ಸೌಟ ತಿರುಗತೈತಿ. ಕಳಕ್ಯಾನ ಕೈಯಾಗ ಕೂಡದ ದವಡಿ ಬೆಳಗಾಗೂದ್ರಾಗ ಕೂಡಿರತೈತಿ. ನಾ ಇಲ್ಲೆ ಕುಂತು ಮಾತಾಡತೀನಿ; ಬದಕಿದ್ದಾಗ ಎಲ್ಲಿ ಇಷ್ಟ ಮಾತ ಕೇಳತಿದ್ರು?"

"ನಿನ್ನ ಬಾಯಿಗೆ ಸತ್ತ ಮ್ಯಾಲೂ ಬಿಡುಗಡಿ ಇಲ್ಲ ಆ ಮನಷ್ಯಾಗ" ಎಂದಳು ಮುದುಕವ್ವ, ಆದರೆ ಈ ಸಲ ಯಾರೂ ನಗಲಿಲ್ಲ.

"ಅದನ್ನ ನಾ ವಿಚಾರ ಮಾಡಾಕ ಹತ್ತೀನಿ, ಮುದುಕಿ." ಅವಳ ಧ್ವನಿ ಇಳಿಯಿತು. "ಇವತ್ತ ಈ ಸಾವ್ಕಾರ್ರು ಬಂದ್ರು. ನಾಳೆ ಮತ್ತೊಬ್ರು ಬರತಾರ. ನಾ ಇರೂಮಟಾ ಕೊಡೂದಿಲ್ಲ, ಖರೇ. ನಾ ಹ್ವಾದ ಮ್ಯಾಲ?... ಯಾವ ಊರಾಗೋ ಟೆಂಟಿನ ಮುಂದ ದಿನಾ ನಡಿಸ್ತಾರ. ಆಟಾ ಮುಗೀತು ಅಂತ ಹೇಳಾಕ ಅಲ್ಲಿ ಯಾರ ಅದಾರ? ಕರಿಯೂ ಬಾಯಿ ಇದೊಂದ. ಇದು ಮುಚ್ಚಿದ್ರ ಅವರು ಒಳಗ ಉಳದ್ರು. ಎಂದೆಂದೂ ಒಳಗ."

ಕಳಕಪ್ಪನ ಕೈಯಲ್ಲಿ ಅರೆಯುವ ಕಲ್ಲು ನಿಂತಿತು. "ಯವ್ವಾ..." ಎಂದ. ಆ ಕರೆಯಲ್ಲಿ ಬೇಡಿಕೆಯಿತ್ತು, ಭಯವೂ ಇತ್ತು.

ಗುರುಸಂಗಪ್ಪ ಒಳಬಾಗಿಲ ಕಡೆ ಕತ್ತು ತಿರುಗಿಸಿದ. ಒಳಕೋಣೆಯ ಕತ್ತಲಲ್ಲಿ ಆ ರಾಕ್ಷಸನಿದ್ದ. ಕರೆಯದಿದ್ದರೆ, ಮನುಷ್ಯನ ನೆರವಿಲ್ಲದೆ ತಾನೇ ನಡೆಯಬಲ್ಲ ರಾಕ್ಷಸ. ಇಡೀ ನಾಡಿನಲ್ಲಿ ಯಾವ ಟೆಂಟಿಗೂ ಸಿಗದ ವಿಸ್ಮಯ. ಬ್ಯಾಡ್ರಿ ಆಯಿ, ಒಂದೇ ಒಂದು ವರ್ಷ, ಎಂಬ ಮಾತು ಗಂಟಲಿಗೆ ಬಂತು. ಅವಳು ಅದನ್ನು ಕೇಳಿಸಿಕೊಂಡವಳಂತೆ ಅವನತ್ತ ನೋಡಿದಳು. ಅವನು ಕಣ್ಣು ತಗ್ಗಿಸಿದ. ಮಾತು ತನಗೆ ತಾನೇ ಕರಗಿತು.

"ಹೋಗ್ಲಿ, ಒಂದ ಕೇಳತೀನಿ ಎಲ್ಲಾರ್ನೂ" ಎಂದಳು ದೇವವ್ವ ಏಳುತ್ತ. "ಇಷ್ಟ ಇಕ್ಕಟ್ಟಿನಾಗ ಮೊಣಕಾಲಿಗೆ ಮೊಣಕಾಲ ಹಚ್ಚಿ ಕುಂತೀರಿ... ಬಾಗಲ ಹತ್ತರ ಆ ಗೋಣೀತಟ್ಟ ಯಾಕ ಖಾಲಿ ಬಿಟ್ಟೀರಿ? ಮುದುಕಿ, ಈಗರ ನೀ ಸೆರಗ ಎಳಕೊಂಡು ಹಿಂದ ಸರದಿ. ಯಾರಿಗೆ ದಾರಿ ಬಿಟ್ಟಿ?"

ಮುದುಕವ್ವ ಹಿಡಿದಿದ್ದ ಸೆರಗನ್ನು ಬಿಟ್ಟು ಪಕ್ಕಕ್ಕೆ ನೋಡಿದಳು. ಎಲ್ಲರೂ ತಿರುಗಿದರು. ಮಡಿಸಿ ಹಾಸಿದ ಗೋಣಿತಟ್ಟು, ಚಕ್ಕಳಮಕ್ಕಳ ಹಾಕಿ ಯಾರೋ ಕುಳಿತಂತೆ, ನಡುವೆ ಆಳವಾಗಿ ತಗ್ಗಿತ್ತು.

ದೇವವ್ವ ಅದರ ಎದುರಿಗೆ ಹೋಗಿ ನಿಂತಳು. ಸೆರಗು ಹೊದ್ದಳು. ಅವಳ ಮುಖದಲ್ಲಿ ಮದುವಣಗಿತ್ತಿಯ ನಾಚಿಕೆಯೊಂದು, ದಾರಿ ತಪ್ಪಿ ಬಂದ ಹಕ್ಕಿಯಂತೆ, ಬಂದು ಕುಳಿತಿತು.

"ಒಣಾ ಬಿದರಿಗೆ ಎಲುವಿನ ಕಸುವ ಕೊಟ್ಟಾರ,
ಗೋಣಿಯ ಎದಿಯಾಗ ಉಸುರ ತುಂಬ್ಯಾರ,
ಸಾವಿರ ಮಂದ್ಯಾಗ ಮನಿಗೆ ನಡಕೊಂಡ ಬಂದಾರ...
ನನ್ನ ದೊರಿ, ದುರಗಪ್ಪ... ಆಟಾ ಮುಗದೈತಿ. ಹೊರಗ ಬರ್ರಿ."

ಹೆಸರು ಆ ಮನೆಯ ಗಾಳಿಗೆ ಹೊಸದಾಗಿತ್ತು. ತೂಗುಹಾಕಿದ ಮುಖಗಳು ಮೆಲ್ಲಗೆ ಒಂದೇ ಕಡೆಗೆ ತಿರುಗಿದವು. ಗೋಣಿತಟ್ಟಿನ ತಗ್ಗು ಕೂಡಲೇ ಏಳಲಿಲ್ಲ. ಕೆಲಸದ ಮಧ್ಯೆ ಕರೆಸಿಕೊಂಡ ಗಂಡಸು ಒಂದು ಗಳಿಗೆ ತಡೆಯುವಂತೆ ತಡೆಯಿತು. ಆಮೇಲೆ ಎಳೆ ಎಳೆಯಾಗಿ ಮೇಲೆದ್ದು ಸಮವಾಯಿತು. ಕಳಕಪ್ಪ "ಅಪ್ಪಾ" ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ. ದೇವವ್ವನ ಭುಜದ ಸೆರಗು ಯಾರೋ ಪಕ್ಕದಲ್ಲಿ ಹಾದುಹೋದಂತೆ ಒಮ್ಮೆ ಕದಲಿತು. ಅವಳು ಹಿಂದಿರುಗಿ ನೋಡಲಿಲ್ಲ.

ಚಿಲಕ ತಾನಾಗಿ ಸರಿಯಿತು. ಬಾಗಿಲು ತೆರೆದುಕೊಂಡಿತು, ಮಳೆಯ ತಂಪು, ಎರೆಮಣ್ಣಿನ ವಾಸನೆ ಒಳಗೆ ನುಗ್ಗಿದವು. ಹೊಸ್ತಿಲ ಮೇಲೆ ಏನೋ ಒಂದು ಕ್ಷಣ ನಿಂತಿತು. ಮತ್ತೆ, ಒಳಗಿನವರಿಗೆ ಇರಚಲು ಹೊಡೆಯದಿರಲೆಂದು ಹೊರಗೆ ಹೋದವರು ಜೋಪಾನವಾಗಿ ಎಳೆದುಕೊಂಡಂತೆ, ಬಾಗಿಲು ಮುಚ್ಚಿಕೊಂಡಿತು.