ಏರುವ ಶ್ರುತಿ

ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಾಂತಪ್ಪ ಕೂತಿದ್ದರು. ತೀರಿಕೊಂಡ ಹೆಂಡತಿಯ ಶಿವಗಣಾರಾಧನೆ ಮುಗಿಸಿ, ಆಕೆಯ ತಂಗಿ ಸುಲೋಚನಮ್ಮನನ್ನು ಸೋಮವಾರಪೇಟೆ ಬಸ್ಸಿಗೆ ಹತ್ತಿಸಲು ಬಂದಿದ್ದರು. ತೊಡೆಯ ಮೇಲೆ ಕಂಬಳಿ ಸುತ್ತಿದ ಮರದ ಪೆಟ್ಟಿಗೆಯಿತ್ತು.

“ಈ ಕರೆಂಟಿನ ಶ್ರುತಿಪೆಟ್ಟಿಗೆ ನೀನೇ ತಗೊಂಡು ಹೋಗು. ನಮ್ಮನೇಲಿ ಇನ್ನು ಹಾಡೋರು ಯಾರು?”

“ಇದರ ಜೊತೆ ನನಗೆ ಹಾಡೋಕಾಗಲ್ಲ ಭಾವ. ನಿನ್ನೆ ನೋಡಿದ್ರಲ್ಲ, ಅರ್ಧ ವಚನಕ್ಕೇ ನಿಲ್ಲಿಸಿಬಿಟ್ಟೆ.”

“ನಿನ್ನೆ ಅದಕ್ಕೇನಾಯ್ತೋ. ಹಳೇ ರೇಡಿಯೋದ ವಾಲ್ವು ಹಾಕಿ ನಾನೇ ಕಟ್ಟಿದ್ದು. ಇಷ್ಟು ವರ್ಷ ನಿಮ್ಮಕ್ಕ ಹಾಡಿದಳು, ಒಂದು ದಿನಾನೂ ಶ್ರುತಿ ಅಲ್ಲಾಡಿರಲಿಲ್ಲ.”

ಸುಲೋಚನಮ್ಮ ಪೆಟ್ಟಿಗೆಯಿಂದ ಜಾರಿದ ಕಂಬಳಿಯ ತುದಿ ಸರಿಮಾಡಿದರು.

“ದಿನಾ ಏರ್ತಿತ್ತು ಭಾವ. ವಾಲ್ವು ಕಾದ ಹಾಗೆ ಶ್ರುತಿ ಮೇಲೆ ಹೋಗೋದು. ಅಕ್ಕ ದನಿ ಏರಿಸಿಕೊಂಡು ಅದರ ಹಿಂದೇನೇ ಹೋಗೋಳು.”

“ನನಗೆ ಹೇಳಲೇ ಇಲ್ವಲ್ಲ.”

“ಕಟ್ಟಿದವರು ನೀವು ಎದುರಿಗೇ ಕೂತು ಕೇಳ್ತಿದ್ರಲ್ಲ, ಅದಕ್ಕೆ. ಕೊನೇ ಹಾಡಿಗೆ ಗಂಟಲು ನೋಯುತ್ತೆ ಅಂತಿದ್ದಳು.”

“ನಾನು ಶೀತ ಅಂದ್ಕೊಂಡು ಕರಿಮೆಣಸಿನ ಕಷಾಯ ಮಾಡಿಕೊಡ್ತಿದ್ದೆ.”

ಬಸ್ಸು ಬಂತು. ಆಕೆ ಹತ್ತಿ ಕಿಟಕಿಯಿಂದ ಬಗ್ಗಿದರು.

“ವಿರಾಜಪೇಟೆಲಿ ಯಾರಾದರೂ ರೇಡಿಯೋ ರಿಪೇರಿಯವರಿಗೆ ತೋರಿಸಿ. ಏರದ ಹಾಗೆ ಮಾಡಿಕೊಡ್ತಾರೆ.”

ಬಸ್ಸು ಆಗಲೇ ಹೊರಟಿತ್ತು. ಪೆಟ್ಟಿಗೆ ಎತ್ತಿಕೊಂಡು ಎಸ್ಟೇಟಿನ ದಾರಿ ಹಿಡಿದ ಶಾಂತಪ್ಪ ಹೇಳಿದ್ದು ಆಕೆಗೆ ಕೇಳಿಸಿರಲಿಕ್ಕಿಲ್ಲ.

“ಬೇಡ. ಹಾಗೇ ಹಾಕಿಕೊಂಡು ಕೂತ್ಕೋತೀನಿ. ಅವಳು ಎಲ್ಲೀವರೆಗೆ ಹೋಗ್ತಿದ್ದಳು ಅಂತ ಕೇಳ್ತೀನಿ.”