ನಾನು ಅಳಿಸಿ ಹಾಕಿದ ಅನುದಾನ

ಸನ್ಮಾನ್ಯ ಅಧ್ಯಕ್ಷರೇ, ಫೋನಿನಲ್ಲಿ ನನ್ನಿಂದ ಎರಡು ಸಲ ಬೈಸಿಕೊಂಡೂ ಇವತ್ತು ವೇದಿಕೆಗೆ ಬಂದು ಕೂತಿರುವ ಇಲಾಖೆಯ ಅಧಿಕಾರಿಗಳೇ, ಗ್ರಂಥಾಲಯದ ಸಿಬ್ಬಂದಿಯವರೇ, ತರಗತಿಯ ಹಿರಿಯ ವಿದ್ಯಾರ್ಥಿಗಳೇ, ಸಭಿಕರೇ,

ಇಂಟರ್ನೆಟ್ ಮೋಸದಿಂದ ಪಾರಾಗುವುದು ಹೇಗೆ ಎಂದು ಕಲಿಸುವ ನಮ್ಮ ತರಗತಿಗೆ ಸರ್ಕಾರ ಇನ್ನೂ ಮೂರು ವರ್ಷ ಅನುದಾನ ಕೊಟ್ಟಿದೆ. ಇಷ್ಟು ಹೇಳಿ ನಾನು ಕೂತುಬಿಡಬೇಕು. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಬರೀ ಬೇರೆಯವರ ಮಾತಿಗೆ ಲೈನು ಜೋಡಿಸಿಕೊಟ್ಟವಳು ನಾನು. ಮೈಕು ಸಿಕ್ಕರೆ ಬಿಡುತ್ತೇನೆಯೇ?

ಅನುದಾನ ಬರದಿದ್ದರೆ ಏನಾಗುತ್ತಿತ್ತು? ತಿಂಗಳ ಕೊನೆಗೆ ಗ್ರಂಥಾಲಯದ ಹಿಂದಿನ ಕೋಣೆಗೆ ಬೀಗ. ಆರು ಹಳೇ ಕಂಪ್ಯೂಟರ್ ಗುಜರಿಗೆ. ನಲವತ್ತು ಜನ ವಿದ್ಯಾರ್ಥಿಗಳು ಮನೆಗೆ. ಮನೆಗೆ ಹೋದರೇನಂತೆ ಎನ್ನುತ್ತೀರಾ? ಕಳ್ಳರ ಫೋನು ಬರುವುದು ಮನೆಗೇ ತಾನೇ!

ಈ ತರಗತಿ ಹುಟ್ಟಿದ್ದು ಹೇಗೆ ಎಂದು ಅಧ್ಯಕ್ಷರು ಕೇಳಿದರು. ನನಗೆ ಗೊತ್ತಿರುವ ಒಬ್ಬ ಹೆಂಗಸು, ನರ್ಸಾಗಿ ನಿವೃತ್ತರಾದವರು. ಪೆನ್ಷನ್ ನಿಂತುಹೋಗುತ್ತೆ ಅಂತ ಮೆಸೇಜು ಬಂತು, ಹೆದರಿ ಅದರಲ್ಲಿದ್ದ ಲಿಂಕ್ ಒತ್ತಿದರು, ಉಳಿತಾಯವೆಲ್ಲ ಹೋಯಿತು. ಅಳುತ್ತಾ ತಂಗಿಯ ಹತ್ತಿರ ಹೇಳಿಕೊಂಡರೆ ಆ ತಂಗಿ, "ಇಷ್ಟು ದಡ್ಡಿಯಾ ನೀನು?" ಅಂದಳು. ಅವತ್ತಿನಿಂದ ಅವರು ಫೋನು ಮುಟ್ಟಲಿಲ್ಲ. ನಾಲ್ಕು ತಿಂಗಳು ನನ್ನ ಜೊತೆಯೂ ಮಾತಾಡಲಿಲ್ಲ.

ನೋಡಿ, ಬಾಯಿ ತಪ್ಪಿತು. ಆ ತಂಗಿ ನಾನೇ. ಅಕ್ಕಾ, ಯಾರಿಗೂ ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೆ, ಕ್ಷಮಿಸು. ಎದ್ದು ಹೋಗುತ್ತಾಳೇನೋ ಅಂದುಕೊಂಡೆ, ನಗುತ್ತಿದ್ದಾಳೆ. ಸದ್ಯ, ಬದುಕಿದೆ!

ಇರಲಿ. ಆ ಮಾತಿನ ತಪ್ಪು ತಿದ್ದಿಕೊಳ್ಳಲೆಂದೇ ಈ ತರಗತಿ ಶುರು ಮಾಡಿದೆ. ಈ ಸಲ ಎಂಟು ತಿಂಗಳು ಅನುದಾನಕ್ಕೆ ಕಾದೆವು. ಕಳೆದ ಶುಕ್ರವಾರ ತರಗತಿಯ ನಡುವೆ ಇಮೇಲ್ ಬಂತು. ‘ಅಭಿನಂದನೆಗಳು. ನಿಮಗೆ ಹಣ ಮಂಜೂರಾಗಿದೆ. ಸಂಜೆ ಐದರೊಳಗೆ ಇಲ್ಲಿ ಒತ್ತಿ ಒಪ್ಪಿಗೆ ತಿಳಿಸಿ, ಇಲ್ಲದಿದ್ದರೆ ರದ್ದಾಗುತ್ತದೆ.’ ನೀವೇ ಹೇಳಿ, ಕಳ್ಳ ಬೇರೆ ಹೇಗೆ ಬರೆಯುತ್ತಾನೆ? ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ ಕೇಳಿದೆ. ಇಡೀ ತರಗತಿ ಒಂದೇ ಉಸಿರಿಗೆ "ಮೋಸ!" ಅಂತು. ನನಗೆ ಹೆಮ್ಮೆಯೋ ಹೆಮ್ಮೆ. ಅಳಿಸಿ ಹಾಕಿದೆ. ಪಾಪ, ಈ ಅಧಿಕಾರಿಗಳೇ ಫೋನು ಮಾಡಿದರು. "ನಿನ್ನಂಥವರನ್ನ ದಿನಾ ನೋಡ್ತೀನಿ, ಇಡಪ್ಪಾ ಫೋನು" ಅಂದೆ. ಮತ್ತೆ ಮಾಡಿದರು. ಆಗ ಅಂದದ್ದನ್ನು ಮೈಕಿನಲ್ಲಿ ಹೇಳಲಾರೆ.

ಆಗ ಅಕ್ಕ ಹಿಂದಿನ ಸಾಲಿನಿಂದ ಎದ್ದು ಬಂದಳು. ಮೂರು ವರ್ಷದಿಂದ ಒಂದು ದಿನವೂ ತಪ್ಪಿಸದೆ ಬಂದವಳು, ಒಂದು ದಿನವೂ ಬಾಯಿ ಬಿಟ್ಟವಳಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಅನುಮಾನ ಬಂದರೆ ಇಲಾಖೆಯ ನಂಬರು ನಾವೇ ಹುಡುಕಿ ಕೇಳಬೇಕು ಅಂತ ನೀನೇ ಹೇಳಿಕೊಟ್ಟಿದ್ದಲ್ವೇನೇ? ನಾನು ವಿಚಾರಿಸದೆ ನಂಬಿ ಕೆಟ್ಟೆ, ನೀನು ವಿಚಾರಿಸದೆ ಬೈದು ಕೆಡ್ತೀಯ" ಅಂದಳು. ಕಡತದಿಂದ ಇಲಾಖೆಯ ಹಳೆಯ ಪತ್ರ ತೆಗೆದು, ಅದರಲ್ಲಿದ್ದ ನಂಬರಿಗೆ ತಾನೇ ಫೋನು ಮಾಡಿದಳು. ಫೋನು ಮುಟ್ಟದ ನಮ್ಮಕ್ಕ!

ಇಮೇಲ್ ನಿಜವಾದದ್ದೇ ಆಗಿತ್ತು. ಐದಕ್ಕೆ ಹನ್ನೊಂದು ನಿಮಿಷ ಇತ್ತು. ಅಳಿಸಿದ್ದನ್ನು ಹೇಗೋ ಹುಡುಕಿ ತೆಗೆದೆವು. ನಾನು ಮೌಸನ್ನು ಅಕ್ಕನ ಕಡೆಗೆ ತಳ್ಳಿದೆ. ಒತ್ತಿದವಳು ಅವಳು. ಆ ಕ್ಷಣದಲ್ಲಿ ನನಗೆ ಬಂದ ಅಳು ಅನುದಾನಕ್ಕಾಗಿ ಬಂದದ್ದಲ್ಲ ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ಅಕ್ಕಾ, ನೀನು ದಡ್ಡಿಯಾಗಿರಲಿಲ್ಲ, ಹೆದರಿದ್ದೆ ಅಷ್ಟೇ. ಇಷ್ಟು ಹೇಳೋಕೆ ನನಗೆ ನಾಲ್ಕು ವರ್ಷ ಹಿಡಿಯಿತು. ಹೇಗೂ ಗುಟ್ಟು ರಟ್ಟಾಯಿತು, ಸೋಮವಾರದ ಪಾಠ ನೀನೇ ಮಾಡ್ತೀಯಾ? ಹೇಗೆ ಮೋಸಹೋದೆ ಅಂತ ನಿನ್ನ ಬಾಯಿಂದಲೇ ಕೇಳಲಿ. ಹೂಂ ಅಂತ ತಲೆ ಆಡಿಸುತ್ತಿದ್ದಾಳೆ! ಸಭಿಕರೇ, ನೀವೇ ಸಾಕ್ಷಿ.

ಹಣ ಕೊಟ್ಟ ಸರ್ಕಾರಕ್ಕೆ, ಬೈಗುಳ ನುಂಗಿಕೊಂಡ ಅಧಿಕಾರಿಗಳಿಗೆ, ಕೋಣೆ ಬಿಟ್ಟುಕೊಟ್ಟ ಗ್ರಂಥಾಲಯಕ್ಕೆ ಕೃತಜ್ಞತೆಗಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ಎಲ್ಲರಿಗೂ, ಮೊದಲು ನಮ್ಮಕ್ಕನಿಗೆ, ನಮಸ್ಕಾರ.